ಮಿಚ್ಪಾ ಎಂದು ಕೆತ್ತಿದ ಕಲ್ಲು

ಅಪ್ಪಾ,

ನೀನು ಬಾಗಿಲ ಮೇಲೆ ಕೂರಿಸಿದ್ದ ‘ಮಿಚ್ಪಾ’ ಕಲ್ಲನ್ನು ಅಣ್ಣ ಇವತ್ತು ಕಿತ್ತ. ಅಂಗಳದ ನಡುವೆ ಎಬ್ಬಿಸುತ್ತಿರುವ ಗೋಡೆಗೆ ಅದೇ ಬೇಕಂತೆ.

‘ಕಾವಲುಗೋಪುರ ಅಂತ ಅರ್ಥ ಕಣ್ರೋ, ದೇವರು ನಮ್ಮನ್ನ ಕಾಯ್ತಾನೆ’ ಎನ್ನುತ್ತಿದ್ದೆ ನೀನು. ಅಷ್ಟಕ್ಕೇ ನಿಲ್ಲಿಸುತ್ತಿದ್ದೆ. ಅಣ್ಣ ನಿನ್ನ ಬೈಬಲ್ ತೆಗೆದು ಉಳಿದದ್ದನ್ನೂ ಓದಿದ. ಮಾವ ಲಾಬಾನನಿಗೂ ಅಳಿಯ ಯಾಕೋಬನಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರಲಿಲ್ಲ. ಕಲ್ಲು ಗುಡ್ಡೆ ಹಾಕಿ, ಕೇಡೆಣಿಸಿ ಯಾರೂ ಇದನ್ನು ದಾಟಕೂಡದು, ಒಬ್ಬರಿಗೊಬ್ಬರು ಕಣ್ಮರೆಯಾದಾಗ ದೇವರೇ ಇಬ್ಬರ ಮೇಲೂ ಕಣ್ಣಿಡಲಿ ಎಂದು ಆಣೆಯಿಟ್ಟರು. ಆ ಜಾಗಕ್ಕೆ ಬಿದ್ದ ಹೆಸರು ಇದು. ಆ ಗುಡ್ಡೆಯ ಬಳಿಯೇ ಕೂತು ಒಟ್ಟಿಗೆ ಉಂಡರಂತೆ.

“ನಾವೂ ಉಣ್ಣೋಣ ಬಾರೋ” ಎಂದು ಅಣ್ಣ ಸೊಂಟದೆತ್ತರದ ಗೋಡೆಯ ಮೇಲೆ ಎರಡು ತಟ್ಟೆ ಇಟ್ಟ. “ಆಮೇಲೆ ಈ ಕಡೆ ಕಾಲಿಟ್ರೆ ನಾನು ನಿನ್ನ ಅಣ್ಣ ಅಲ್ಲ.”

“ಅಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ಯಾ?”

“ಕಲ್ಲು ತಂದಿದ್ದು ಅಪ್ಪಾನೇ ತಾನೆ?”

ಕಲ್ಲು ಕಿತ್ತ ಸುತ್ತಿಗೆ ಅವನ ತಟ್ಟೆಯ ಪಕ್ಕದಲ್ಲೇ ಇತ್ತು. ನೀನು ಕಲಿಸಿದ ಊಟದ ಪ್ರಾರ್ಥನೆಯನ್ನು ಇಬ್ಬರೂ ಒಂದಕ್ಷರ ಬಿಡದೆ ಹೇಳಿದೆವು, ಅಪ್ಪಾ.

ಕಣ್ಣು ಮಾತ್ರ ಯಾರೂ ಮುಚ್ಚಲಿಲ್ಲ.