ಅಡಿಗೆಮನೆಯಲ್ಲೊಂದು ಕಿವಿ

ಕೋಪರಖೈರಣೆ,
೨೪ ಸೆಪ್ಟೆಂಬರ್ ೨೦೨೪

ಸೌಭಾಗ್ಯವತಿ ಶ್ರೀಮತಿಗೆ ಮುರಾರಿಯ ಆಶೀರ್ವಾದಗಳು.

ನಿನ್ನ ಮಂಡಿನೋವು ಹೇಗಿದೆ? ಸುಮೇಧಾ, ಮಗು ಸೌಖ್ಯವೇ? ಎ.ಸಿ. ಹಾಕಿಕೊಂಡು ಬರಿಗಾಲಲ್ಲಿ ಓಡಾಡಬೇಡ, ಹೇಳಿದರೆ ಕೇಳುವವಳಲ್ಲ ನೀನು. ಫೋನ್ ಮಾಡಿದರೆ ಮಗಳು ಸ್ಪೀಕರ್ ಹಾಕಿಡುತ್ತಾಳೆ; ಗಂಡಹೆಂಡಿರ ಮಾತು ಊರಿಗೆಲ್ಲ ಬೇಕೇ? ಮೇಲಿನ ಮನೆಯ ರಂಜನ್ ಮಸ್ಕತ್‌ಗೆ ಹೊರಟಿದ್ದಾನೆ, ಹಪ್ಪಳದ ಜೊತೆ ಈ ಕಾಗದ. ಮಗು ನಡೆಯುವವರೆಗೆ ಅಮ್ಮ ಇಲ್ಲೇ ಇರಲಿ, ಟಿಕೆಟ್ ಮುಂದೂಡಲೇ ಎಂದು ಸುಮೇಧಾ ಕೇಳಿದಳು. "ಅಮ್ಮ ಹೇಳಿದ ಹಾಗೆ" ಅಂದೆ. ನೀನು "ಅಪ್ಪ ಹೇಳಿದ ಹಾಗೆ" ಅಂದೆಯಂತೆ. ಒಳ್ಳೆಯ ಜೋಡಿ ನಾವು!

ಇಲ್ಲಿಯ ಸುದ್ದಿಯೆಂದರೆ ತಂಬೂರಿ ಮುಗಿಯಿತು. ಮಿರಜಿನಲ್ಲಿ ಎಳವೆಯಲ್ಲಿ ಕಲಿತ ತಂಬೂರಿ ಮಾಡುವ ಕೆಲಸ ಬಿಟ್ಟು ಸೋದರಮಾವನ ಹೋಟೆಲಿನ ಗಲ್ಲಾದಲ್ಲೇ ಆಯುಷ್ಯ ಕಳೆದವನು, ಹೋಟೆಲು ಮುಚ್ಚಿದ ಮೇಲೆ ಮತ್ತೆ ಮಿರಜಿಗೇ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕ ಕೂತು ಹೊಸದಾಗಿ ಉಳಿ ಹಿಡಿಯಲು ಕಲಿತೆನಲ್ಲ, ಅದಾದ ಮೇಲೆ ಪೂರಾ ನನ್ನ ಕೈಯಿಂದಲೇ ಆದ ಮೊದಲನೆಯದು ಇದು. ಸೋರೆಬುರುಡೆ, ಬಣ್ಣ ಎಲ್ಲ ಲಾಯಕ್ ಬಂದಿದೆ. ನಾದ ಮಾತ್ರ ತೆರೆಯುತ್ತಿಲ್ಲ, ಝೇಂಕಾರ ಹುಟ್ಟುತ್ತಿಲ್ಲ.

ಮಿರಜಿನ ನನ್ನ ಉಸ್ತಾದರು ಹೇಳಿಕೊಟ್ಟದ್ದು ನಿನಗೆ ಗೊತ್ತು. ತಂತಿಯ ಕೆಳಗೆ ಜೀವಾಳದ ದಾರ ಸರಿಸುವವನು ತನ್ನ ಕಿವಿಯನ್ನು ನಂಬಬಾರದು, ಪಕ್ಕದ ಕೋಣೆಯಲ್ಲಿ ಕೂತವರು ನಾದ ತೆರೆದ ಕ್ಷಣ ಹೇಳಬೇಕು. ರಿಪೇರಿಗೆ ಬಂದವಕ್ಕೆಲ್ಲ ನೀನೇ ಹೇಳುತ್ತಿದ್ದೆ, ಸಾರಿಗೆ ಒಗ್ಗರಣೆ ಹಾಕುತ್ತ, "ಹಾಂ, ಈಗ ಆಯ್ತು ಮಾರಾಯ್ರೆ, ಇನ್ನು ಮುಟ್ಬೇಡಿ." ಸಂಗೀತದ ಗಂಧಗಾಳಿಯಿಲ್ಲದಿದ್ದರೂ ಒಮ್ಮೆಯೂ ತಪ್ಪಲಿಲ್ಲ ನೀನು. ಈಗ ಎದುರುಮನೆಯ ಚಂದವ್ವನನ್ನು ಕೂರಿಸಿದೆ. ಬಿಜಾಪುರದ ಕಡೆಯವಳು, ಬಹಳ ದಾಕ್ಷಿಣ್ಯದವಳು, ಏನು ಮೀಟಿದರೂ "ಭಾಳ ಛಲೋ ಐತ್ರೀ ಅಣ್ಣಾರ." ತಂತಿ ಕಡಿದು ನನ್ನ ಮುಖಕ್ಕೆ ಹೊಡೆದಾಗಲೂ "ಛಲೋ ಐತ್ರೀ"! ರೆಕಾರ್ಡ್ ಮಾಡಿ ಕಳಿಸಿದರೆ ಫೋನಿನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ ಎಂದು ನೀನೇ ನಕ್ಕೆ.

ನಿನ್ನೆ ದಾರ ಸರಿಸಿ, ಮೀಟಿ, "ಈಗ ಹೇಗೆ?" ಎಂದು ಅಡಿಗೆಮನೆಯತ್ತ ಕೂಗಿಯೇಬಿಟ್ಟೆ. ಮರುಕ್ಷಣ ನಾಚಿಕೆಯಾಯಿತು. ಸುಮ್ಮನೆ ಎದ್ದು ಹೋಗಿ ಗ್ಯಾಸ್ ಆರಿಸಿದ್ದೇನೆಯೋ ಇಲ್ಲವೋ ನೋಡಿ ಬಂದೆ. ಆರಿಸಿಯೇ ಇತ್ತು. ಮನೆ ತುಂಬಾ ಬಿಕೋ ಅನ್ನುತ್ತದೆ ಶ್ರೀಮತಿ.

ಮಗುವಿಗೆ ಅಜ್ಜನ ಮುತ್ತು ಕೊಡು, ದೃಷ್ಟಿ ತೆಗೆ. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ,
ಮುರಾರಿ

ತಾ.ಕ.: ರಂಜನ್ ಬಾಗಿಲಲ್ಲಿ ನಿಂತಿದ್ದಾನೆ. ಅಪ್ಪ ಹೇಳುವುದು ಇಷ್ಟೇ: ಟಿಕೆಟ್ ಮುಂದೂಡಬೇಡ, ಬಾ. ತಂಬೂರಿ ಬೇಕಾದರೆ ಹಾಳಾಗಿ ಹೋಗಲಿ. ಒಬ್ಬನೇ ಇರಲು ನನ್ನಿಂದ ಆಗುವುದಿಲ್ಲ.