ಕೆಂಪು ದಾರದ ಕಪ್

ಹೊಲಿಗೆ ಕೋಣೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆಳಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತಿದೆಯೇ? ಜ್ವರ ಮತ್ತೆ ಕಾಣಿಸಿತೇ? ಚಿಕ್ಕಮ್ಮ ನಿನ್ನನ್ನು ಸುಮ್ಮನೆ ಕೂರಲು ಬಿಡುತ್ತಾಳೋ, ಕೂತಲ್ಲೇ ಬೆಳ್ಳುಳ್ಳಿ ಸುಲಿಸುತ್ತಾಳೋ? ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ ನಡುವೆ ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಹರಿಯುವ ಮೊದಲು ಒಮ್ಮೆಯಾದರೂ ಓದುತ್ತೀಯಲ್ಲ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಭಾವ ಮಗಳಿಗೆ ಜಡೆ ಹೆಣೆಯುವುದನ್ನು ಕಲಿತಿದ್ದಾರೆ. ಅದು ಹಳೇ ಹಗ್ಗದಂತಿರುತ್ತದೆ, ಆದರೂ ಅವಳು ಹೆಮ್ಮೆಯಿಂದ ಬೀಸಿಕೊಂಡು ಓಡಾಡುತ್ತಾಳೆ. ನಿನ್ನ ಹೊಲಿಗೆ ಮಿಷನ್‌ಗೆ ಬಟ್ಟೆ ಹೊದಿಸಿದ್ದೇನೆ.

ಗಾಳಿ ಬದಲಾವಣೆಗೆ ಹೋಗುತ್ತೇನೆಂದು ಭಾವನಿಗೆ ಹೇಳಿ ನೀನು ಚಿಕ್ಕಮ್ಮನ ಮನೆಗೆ ಹೊರಟೆ. ನಿಜವಾದ ಕಾರಣ ನನಗೆ ಗೊತ್ತು. ಕೆನ್ನೆಯ ಮೇಲೆ ಆ ಕೆಂಪು ಎದ್ದ ಮೇಲೆ ನೀನೇ ನಿನ್ನ ಕಪ್‌ನ ಹಿಡಿಗೆ ಕೆಂಪು ದಾರ ಸುತ್ತಿ ಬೇರೆ ಇಟ್ಟೆ. ಮಗಳು ಕೊರಳಿಗೆ ಬಿದ್ದರೆ ಮುಖ ತಿರುಗಿಸಿದೆ. ಮೂಲೆಮನೆಯವಳು ಬಟ್ಟೆ ಕೊಡುವಾಗ "ಕೈ ತೊಳ್ಕೊಂಡೇ ಹೊಲೀತೀಯ ತಾನೆ?" ಎಂದಳಲ್ಲ, ಅವತ್ತೇ ನೀನು ಬ್ಯಾಗು ತುಂಬಿಕೊಂಡೆ. ಆಸ್ಪತ್ರೆಯವರು ಲೂಪಸ್ ಎಂಬ ಹೆಸರನ್ನೂ ಮಾತ್ರೆಯನ್ನೂ ಕೊಟ್ಟು ಕಳಿಸಿದ್ದರು. ಅಂಟುತ್ತದೆಯೇ ಎಂದು ನೀನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗುಟ್ಟಾಗಿ ನೀನೇ ತೀರ್ಪು ಬರೆದುಕೊಂಡೆ.

ಸದಾ ಕರಪತ್ರ ಹಿಡಿದು ಓಡಾಡುವ ನನ್ನನ್ನು ಕರಪತ್ರದ ಕಾಟ ಎನ್ನುತ್ತೀಯಲ್ಲ, ಈ ಸಲ ಆ ಕಾಟ ನಿನ್ನ ಕಾಯಿಲೆಗೇ ಗಂಟುಬಿತ್ತು. ಸಿಕ್ಕಿದ್ದೆಲ್ಲ ಓದಿದೆ. ಒಂದರಲ್ಲಿ ರಕ್ತ ಕೆಟ್ಟಿದೆ ಎಂದಿತ್ತು, ಇನ್ನೊಂದರಲ್ಲಿ ಉಪ್ಪು ಬಿಟ್ಟರೆ ಬೇರುಸಹಿತ ಹೋಗುತ್ತದೆ ಎಂದು, ಮತ್ತೊಂದರ ಕೊನೆಯಲ್ಲಿ ಪುಡಿಯ ಡಬ್ಬಿಯ ಚಿತ್ರ. ಅಚ್ಚಾದದ್ದನ್ನೆಲ್ಲ ಎದೆಗವಚಿಕೊಂಡು ಬೆಳೆದವಳು ನಾನು. ಮೊದಲ ಸಲ ಅಚ್ಚಿನ ಮೇಲೆ ಹೇಸಿಗೆ ಹುಟ್ಟಿತು. ಕಾಯಿಲೆಯವರ ಭಯವನ್ನೇ ಬಂಡವಾಳ ಮಾಡಿಕೊಂಡವರನ್ನು ಬೀದಿಯಲ್ಲಿ ನಿಲ್ಲಿಸಿ ಪ್ರಶ್ನಿಸಬೇಕು!

ಹಾಗೆ ಕುದಿಯುತ್ತಿರುವಾಗ ಗ್ರಂಥಾಲಯದವರು ಹೇಳಿದರು: ಇಂಥ ಕಾಯಿಲೆಯವರು ಗ್ರಂಥಾಲಯದ ಮಹಡಿಯ ಕೋಣೆಯಲ್ಲೇ ಸೇರುತ್ತಾರೆ, ಕೀಲುವಾತ ಮತ್ತು ಇಂಥ ಕಾಯಿಲೆಗಳನ್ನು ನೋಡುವ ಡಾಕ್ಟರೊಬ್ಬರೂ ಬರುತ್ತಾರೆ ಎಂದು. ಹೋದೆ. ಎದ್ದು ನಿಂತು, ಜನ ಒಂದಾಗಬೇಕು ಎಂದು ಶುರುಮಾಡಿದೆ. ಟೋಪಿ ಹಾಕಿಕೊಂಡಿದ್ದ ಬಸ್ ಕಂಡಕ್ಟರಮ್ಮ ತಡೆದರು: "ಭಾಷಣ ಆಮೇಲೆ ಮಾಡೀಯಂತೆ ತಾಯಿ, ಮೊದಲು ಆ ಪರದೆ ಎಳಿ. ಬಿಸಿಲು ನನ್ನ ಮುಖಕ್ಕೇ ಹೊಡೀತಿದೆ." ಎಲ್ಲರೂ ನಕ್ಕರು. ಪರದೆ ಎಳೆದು ಕೂತೆ. ಅವರ ಕೆನ್ನೆಯ ಮೇಲೂ ನಿನ್ನದೇ ಕೆಂಪಿನ ಗುರುತು, ಅಕ್ಕಾ. ಬಿಸಿಲು ಕೆಲವರಿಗೆ ಇದನ್ನು ಕೆರಳಿಸುತ್ತದಂತೆ. ನೀನೋ ಒಳ್ಳೆಯದೆಂದು ಅಂಗಳದಲ್ಲಿ ಮುಖವೊಡ್ಡಿ ಕೂರುತ್ತಿದ್ದೆ.

ಡಾಕ್ಟರನ್ನು ನೇರವಾಗಿ ಕೇಳಿದೆ. ಅವರು ಸಿಹಿ ಸವರಲಿಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಪೂರ್ತಿ ವಾಸಿಮಾಡುವ ಮದ್ದು ಇನ್ನೂ ಇಲ್ಲ, ಹತೋಟಿಯಲ್ಲಿಡುವ ಮದ್ದಿದೆ. ವಂಶದಲ್ಲಿ ಸ್ವಲ್ಪ ಒಲವು ಇರಬಹುದು, ಆದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಮುಟ್ಟಿದರೆ, ತಬ್ಬಿದರೆ, ಎಂಜಲಿನಿಂದ ಖಂಡಿತ ಅಂಟುವುದಿಲ್ಲ. ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯ, ಮೂತ್ರಪಿಂಡದ ಮೇಲೂ ಕಣ್ಣಿಟ್ಟಿರಬೇಕು ಎಂದರು. ಹೊರಡುವಾಗ ಕಂಡಕ್ಟರಮ್ಮ ನನ್ನ ಕರಪತ್ರಗಳ ಕಟ್ಟನ್ನು ತಿರುವಿಹಾಕಿದರು. "ಏನೇ ಓದು, ಬರೆದೋರು ಯಾರು, ಯಾವಾಗ ಬರೆದ್ರು, ಕೊನೇಲಿ ಏನು ಮಾರ್ತಿದಾರೆ ನೋಡು. ಆಮೇಲೆ ಡಾಕ್ಟರ್ ಹತ್ರ ಕೇಳು. ನಿಮ್ಮಕ್ಕನ್ನ ಕರ್ಕೊಂಡು ಬಾ, ಸುಸ್ತಾದ್ರೆ ಮಲಗೋಕೆ ಒಂದು ಬೆಂಚು ಖಾಲಿ ಇಟ್ಟಿರ್ತೀವಿ." ಆ ಬೆಂಚಿನ ಮಾತಿಗೆ ನನಗೆ ಅಳು ಬಂತು. ದಣಿವನ್ನು ಸೋಮಾರಿತನ ಎನ್ನದ ಜನರನ್ನು ಮೊದಲ ಸಲ ಕಂಡೆ.

ಮಾತ್ರೆ ತಪ್ಪಿಸಬೇಡ. ಈಗಾಗಲೇ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡು, ನಂಬರನ್ನು ಲಕೋಟೆಯ ಹಿಂದೆ ಬರೆದಿದ್ದೇನೆ. ಚಿಕ್ಕಮ್ಮನಿಗೆ ನಮಸ್ಕಾರ. ನಿನ್ನ ಊದಿದ ಬೆರಳುಗಳಿಗೆ ನನ್ನ ಮುತ್ತು.

ನಿನ್ನ ತಂಗಿ,
ಕರಪತ್ರದ ಕಾಟ

ಲಕೋಟೆ ಅಂಟಿಸುವ ಮೊದಲು ಇನ್ನೊಂದು: ನೀನು ಹೋದಾಗಿನಿಂದ ನಿನ್ನ ಮಗಳು ಹಾಲು ಕುಡಿಯುತ್ತಿರುವುದು ನಿನ್ನ ಕಪ್‌ನಲ್ಲೇ. ಗುಂಡುಕಲ್ಲಿನ ಹಾಗಿದ್ದಾಳೆ. ದಾರ ಚೆಂದ ಕಂಡಿತಂತೆ; ನಿನ್ನ ಹೊಲಿಗೆ ಡಬ್ಬಿಯಿಂದ ದಾರದ ಉಂಡೆ ತೆಗೆದು ಮನೆಯ ಅಷ್ಟೂ ಕಪ್‌ಗಳಿಗೆ ಸುತ್ತಿದ್ದಾಳೆ. ನಿನ್ನದು ಯಾವುದೆಂದು ಈಗ ನಮಗ್ಯಾರಿಗೂ ಗೊತ್ತಿಲ್ಲ. ಬಾ, ಕೈಗೆ ಸಿಕ್ಕಿದ್ದರಲ್ಲಿ ಕುಡಿ.