ಎಲ್ಲರೂ ಸಿ ಎತ್ತಬೇಕು

ಜುಲೈ 8, ಸೋಮವಾರ

ಮತ್ತೆ ಐದು ಕಾರ್ಡು ಹರಿದಿವೆ. ಹಳೇ ನೋಟ್‌ಬುಕ್ಕಿನ ರಟ್ಟು ಎಷ್ಟು ದಿನ ತಡೆದೀತು! ಅಂಟು ಹಚ್ಚಿ ಕಿಟಕಿ ಮೇಲೆ ಒಣಗಲು ಇಟ್ಟಿದ್ದೇನೆ.

ಎಂಟನೇ ಕ್ಲಾಸು ಇವತ್ತು ಜಬರ್ದಸ್ತಾಗಿತ್ತು. ಐವತ್ತೆರಡು ಮಕ್ಕಳು, ಐವತ್ತೆರಡು ಕಾರ್ಡು. ನಡುವೆ ಫೋನು ಓದೋ ಕಪ್ಪು ಚೌಕದ ಗುರುತು, ಒಬ್ಬೊಬ್ಬರದು ಒಂದೊಂದು ಥರ; ಒಂದೊಂದು ಬದಿಗೆ ಸಣ್ಣಕ್ಷರದಲ್ಲಿ ಎ, ಬಿ, ಸಿ, ಡಿ. ಉತ್ತರದ ಬದಿ ಮೇಲೆ ಬರೋ ಹಾಗೆ ಎತ್ತಿ ಹಿಡೀಬೇಕು. ಡಿ ಅಂದ್ರೆ ಯಾವಾಗಲೂ 'ಗೊತ್ತಿಲ್ಲ'. ಗಾಜು ಒಡೆದ ನನ್ನ ಫೋನು ಒಂದು ಸುತ್ತು ತೋರಿಸಿದರೆ ಯಾರು ಏನು ಹೇಳಿದರು ಗೊತ್ತಾಗುತ್ತೆ. ಪಕ್ಕದವರಿಗೆ ಕಾಣಲ್ಲ, ನಗೋರಿಲ್ಲ. ಅರ್ಧ ಕ್ಲಾಸು ತಪ್ಪು! ಪಕ್ಕದವರನ್ನ ಒಪ್ಪಿಸಿ ನೋಡೋಣ ಅಂದೆ. ಮೈಮೇಲೆ ಬಿದ್ದು ವಾದ ಮಾಡಿದವು.

ಕೊನೇ ಬೆಂಚಿನ ಪಿಸುಮಾತು ಕೂಡ. ಹಾಜರಿ ಬಿಟ್ಟು ಬೇರೆ ಮಾತೇ ಆಡದ ಹುಡುಗಿ, ಆ ಹೆಸರು ನಾನೇ ಇಟ್ಟದ್ದು. ಪಕ್ಕದವಳ ತೋಳು ಹಿಡಿದು "ಇಲ್ವೇ, ಕೇಳೇ ಇಲ್ಲಿ" ಅಂತಿದ್ದಳು.

ಜುಲೈ 10

ಹೆಡ್‌ಮಾಸ್ಟರು ಕರೆಸಿದರು. "ಏನ್ರೀ ಮೇಡಂ, ಅದು ಕ್ಲಾಸೋ ಸಂತೆಯೋ?" 19ಕ್ಕೆ ಇನ್‌ಸ್ಪೆಕ್ಟರ್ ಬರ್ತಾರಂತೆ. "ನಿಮ್ಮ ಕಾರ್ಡು ಅವತ್ತು ತೋರಿಸಿ. ನೂರಕ್ಕೆ ತೊಂಬತ್ತು ಸರಿ ಬರಬೇಕು. ಇಲ್ಲಾಂದ್ರೆ ಎಲ್ಲ ರದ್ದಿಗೆ. ಆಮೇಲೆ ಫೋನೂ ಕ್ಲಾಸಿಗೆ ತರೋ ಹಾಗಿಲ್ಲ."

ತಪ್ಪು ಎಲ್ಲಿದೆ ಅಂತ ನೋಡೋಕೇ ಅಲ್ವಾ ಸಾರ್ ಕಾರ್ಡು ಇರೋದು! ಹೇಳಿದೆ. ಕಿವಿ ಮೇಲೆ ಹಾಕಿಕೊಂಡರೆ ತಾನೆ. ಅವರ ಬೆನ್ನ ಹಿಂದೆ ಸ್ಮಾರ್ಟ್ ಬೋರ್ಡು, ಎರಡು ವರ್ಷದಿಂದ ಬಟ್ಟೆ ಹೊದ್ದು ನಿಂತಿದೆ. ಮಕ್ಕಳು ಮುಟ್ಟಿದರೆ ಕೊಳೆಯಾಗುತ್ತಂತೆ! ಮೈಯೆಲ್ಲ ಉರಿದುಹೋಯಿತು.

ಜುಲೈ 17

ಪ್ರಶ್ನೆ ಸಿಕ್ಕಿದೆ. ಬೆಂಚಿನ ಕಬ್ಬಿಣದ ಕಾಲು, ಮರದ ಹಲಗೆ, ಎರಡೂ ಇದೇ ರೂಮಿನಲ್ಲಿವೆ. ಯಾವುದು ಹೆಚ್ಚು ತಣ್ಣಗಿದೆ? ಎ ಕಬ್ಬಿಣ, ಬಿ ಮರ, ಸಿ ಎರಡೂ ಒಂದೇ. ಉತ್ತರ ಸಿ; ಕಬ್ಬಿಣ ಕೈಯ ಬಿಸಿಯನ್ನ ಬೇಗ ಎಳ್ಕೊಳ್ಳುತ್ತೆ, ಅದಕ್ಕೇ ತಣ್ಣಗನಿಸೋದು. ಒಂಬತ್ತನೇ ಕ್ಲಾಸಿಗೆ ಕೇಳಿ ನೋಡಿದೆ. ಏಳು ಜನ ಬಿಟ್ಟು ಎಲ್ಲರೂ ತಪ್ಪು.

ಎಷ್ಟು ಒಳ್ಳೇ ಪ್ರಶ್ನೆ. ನಾಡಿದ್ದಿಗೆ ಎಷ್ಟು ಕೆಟ್ಟ ಪ್ರಶ್ನೆ...

ಜುಲೈ 18

ಮಾಡಿಬಿಟ್ಟೆ.

ಎಂಟನೇ ಕ್ಲಾಸಿಗೆ ಹೇಳಿದೆ, "ನಾಳೆ ಎಲ್ಲರೂ ಸಿ ಎತ್ತಬೇಕು." ಯಾಕೆ ಮಿಸ್ ಅಂತ ಯಾರೋ ಕೇಳಿದರು. "ಹೇಳಿದಷ್ಟು ಮಾಡಿ" ಅಂದೆ. ನಾನು! ಒಂದೇ ದಿನ ತಾನೆ. ಕಾರ್ಡು ಉಳೀಬೇಕು. ಆಮೇಲೆ ಎಲ್ಲ ಮೊದಲಿನ ಹಾಗೆ.

ಜುಲೈ 19, ಸಂಜೆ 6



ಐವತ್ತೊಂದು ಸಿ. ಒಂದು ಎ. ಇನ್‌ಸ್ಪೆಕ್ಟರ್ ನನ್ನ ಫೋನಿನಲ್ಲಿ ಇಣುಕಿ, "ಎ ಹೇಳಿದ್ದು ಯಾರಪ್ಪಾ?" ಅಂದರು. ಪಿಸುಮಾತು ಎದ್ದು ನಿಂತಳು. "ಈಗ ಮುಟ್ಟಿ ನೋಡಿದೆ ಸಾರ್. ಕಬ್ಬಿಣಾನೇ ತಣ್ಣಗಿದೆ." ಇಡೀ ಕ್ಲಾಸಿಗೆ ಕೇಳೋ ಹಾಗೆ. ಮೊದಲ ಸಲ! ಇದಕ್ಕೇ ಅಲ್ವಾ ನಾನು ಇಷ್ಟು ದಿನ ಕಾದದ್ದು?

ನಾನು ಏನಂದೆ? "ನಿನ್ನೆ ಅಷ್ಟು ಹೇಳಿಕೊಟ್ಟೆನಲ್ಲೇ! ತಲೇಲಿ ಏನಿದೆ ನಿಂಗೆ?"

ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಎಲ್ಲ ಬಯಲಾಗಿತ್ತು. ಹುಡುಗಿ ಕೂತಳು. ಇನ್‌ಸ್ಪೆಕ್ಟರ್‌ಗೆ ಅರ್ಥವಾಯಿತು. ಅರ್ಥವಾಗಿಯೂ ನಕ್ಕರು! "ಇರಲಿ ಬಿಡಿ ಮೇಡಂ. ಒಂದು ತಪ್ಪು ಇದ್ದರೇನೇ ನಿಜ ಅನ್ಸೋದು." ಭೇಷ್ ಅಂತ ಬರೆದುಕೊಂಡು ಹೋದರು. ಹೆಡ್‌ಮಾಸ್ಟರು ಕೈ ಕುಲುಕಿದರು. ಇನ್ಮೇಲೆ ಎಲ್ಲ ಕ್ಲಾಸಿಗೂ ಕಾರ್ಡಂತೆ.

ಥೂ.

ಜುಲೈ 20

ಅಕ್ಕನಿಗೆ ಫೋನ್ ಮಾಡಿ ಹೆಡ್‌ಮಾಸ್ಟರು, ಇನ್‌ಸ್ಪೆಕ್ಟರ್ ಇಬ್ಬರಿಗೂ ಮನಸಾರೆ ಬೈದೆ. ಪೂರ್ತಿ ಕೇಳಿಸಿಕೊಂಡಳು. "ಅವರನ್ನ ಬೈದದ್ದು ಸಾಕು ಬಿಡೇ. ಮುಟ್ಟಿ ನೋಡಿ ಹೇಳಿದ ಮಗೂಗೆ ಬೈದೋರು ಯಾರು?"

ಫೋನ್ ಇಟ್ಟುಬಿಟ್ಟೆ. ಇನ್ನೂ ಸಿಟ್ಟು ಇಳಿದಿಲ್ಲ. ಯಾರ ಮೇಲೆ ಅಂತ ಗೊತ್ತು.

ಜುಲೈ 22

ಹೊಸ ಪ್ರಶ್ನೆ ಬೋರ್ಡಿನ ಮೇಲೆ ಬರೆದೆ. ಯಾರೂ ಕಾರ್ಡು ಎತ್ತಲಿಲ್ಲ. ಮುಂದಿನ ಬೆಂಚಿನವಳು ಕೇಳಿದಳು, "ಯಾವುದು ಎತ್ಬೇಕು ಮಿಸ್?"

ನಿಮಗೆ ಅನ್ಸಿದ್ದು ಎತ್ರಪ್ಪಾ ಅಂದೆ. ಹಿಂದೆ ಮುಂದೆ ನೋಡಿಕೊಂಡರು. ಐವತ್ತೊಂದು ಸಿ. ಈ ಪ್ರಶ್ನೆಗೆ ಉತ್ತರ ಸಿ ಅಲ್ಲವೇ ಅಲ್ಲ.

ಪಿಸುಮಾತಿನ ಕಾರ್ಡು ಬ್ಯಾಗಿನಿಂದ ಹೊರಗೇ ಬರಲಿಲ್ಲ. ಒಂದು ತಿಂಗಳ ಕೆಲಸ, ಒಂದೇ ದಿನದಲ್ಲಿ ನನ್ನ ಕೈಯಾರೆ ಹಾಳು ಮಾಡಿದೆ.

ಜುಲೈ 25, ಮಧ್ಯಾಹ್ನ, ಸ್ಟಾಫ್ ರೂಮು

ಲ್ಯಾಬಿನಿಂದ ಎರಡು ಥರ್ಮಾಮೀಟರ್ ತಂದೆ. ಒಂದು ಕಬ್ಬಿಣಕ್ಕೆ, ಒಂದು ಮರಕ್ಕೆ ಕಟ್ಟಿದೆ. ಮೊದಲು ಹೇಳಬೇಕಾದದ್ದು ಹೇಳಿದೆ. "ಅವತ್ತು ನಿಮಗೆಲ್ಲ ಉತ್ತರ ಹೇಳಿಕೊಟ್ಟು ಮೋಸ ಮಾಡಿದೆ. ಮೋಸ ಮಾಡದೇ ಇದ್ದವಳಿಗೆ ಬೈದೆ. ತಪ್ಪಾಯ್ತು ಕಣಮ್ಮ." ಪಿಸುಮಾತು ತಲೆ ಎತ್ತಲಿಲ್ಲ.

ಎಲ್ಲರೂ ಮುಟ್ಟಿ ನೋಡಿದರು. ಕಬ್ಬಿಣ ತಣ್ಣಗೆ. ಥರ್ಮಾಮೀಟರ್ ನೋಡಿದರು. ಎರಡೂ ಒಂದೇ. "ಕೈ ಹೇಳೋದೂ ಸುಳ್ಳಲ್ಲ. ಹಾಗಾದ್ರೆ ಯಾಕೆ ಹೀಗೆ?" ಅಂತ ಕೇಳಿ ಮೂರು ಉತ್ತರ ಬೋರ್ಡಿನ ಮೇಲೆ ಬರೆದೆ.

ಪಿಸುಮಾತು ಕಾರ್ಡು ಹೊರಗೆ ತೆಗೆದಳು. ಎದೆವರೆಗೆ ಎತ್ತಿದಳು. ಬೋರ್ಡು ನೋಡಲಿಲ್ಲ, ನನ್ನ ಮುಖ ನೋಡಿದಳು. ಯಾವ ಬದಿ ಅಂತ ನನ್ನ ಮುಖದಲ್ಲಿ ಹುಡುಕ್ತಿದ್ದಳು! ಫೋನು ಮೇಜಿನ ಮೇಲಿಟ್ಟು ಗೋಡೆ ಕಡೆ ತಿರುಗಿ ನಿಂತೆ. ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತರ ಹೊತ್ತಿಗೆ ಹಿಂದೆ ಬೆಂಚು ಸರಿದ ಸದ್ದು, ಆಮೇಲೆ ಕೊನೇ ಬೆಂಚಿನಿಂದ, "ಮಿಸ್, ನಂಗೆ ಅನ್ಸುತ್ತೆ —" ಪಿಸುಮಾತಿನ ದನಿ.